ಕೊನೆಗೆ ಕಂಡ ಜಾಗ

ಪೆಂಬಾ ದ್ವೀಪದ ಪಡುವಣ ದಡದಲ್ಲಿ ಮೀನು ಹಿಡಿಯುವ ಪ್ರತಿಯೊಬ್ಬ ಯಜಮಾನನಿಗೂ ಎರಡು ಜಾಗಗಳಿರುತ್ತವೆ. ಒಂದು ಬಾಯಲ್ಲಿ ಹೇಳುವುದಕ್ಕೆ, ಇನ್ನೊಂದು ಗಾಳ ಇಳಿಸುವುದಕ್ಕೆ. ದೋಣಿ ತಳ್ಳುವಾಗ ಯಾರಾದರೂ ಎಲ್ಲಿಗೆಂದು ಕೇಳಿದರೆ ಮೊದಲನೆಯದನ್ನು ಹೇಳಬೇಕು. ಹೇಳಿದವನು ಅದನ್ನು ಸುಳ್ಳೆಂದು ಎಣಿಸುವುದಿಲ್ಲ. ಕೇಳಿದವನು ನಿಜವೆಂದು ನಂಬುವುದೂ ಇಲ್ಲ. ಸಲಾಮಿಗೆ ಸಲಾಮು ಹೇಳಿದ ಹಾಗೆ ಅದೊಂದು ಮರ್ಯಾದೆ.

ಮುದುಕ ಫಾಕಿಯ ಮನೆತನದವರು ಬಾಯಲ್ಲಿ ಹೇಳುತ್ತಿದ್ದ ಜಾಗ ಕರೀ ದಿಬ್ಬ. ಅದು ಊರಿಗೆ ತೆಂಕಣಕ್ಕೆ, ದಡಕ್ಕೆ ಹತ್ತಿರ. ಅವರು ನಿಜವಾಗಿ ಹೋಗುತ್ತಿದ್ದದ್ದು ಬಡಗಣಕ್ಕೆ, ನಡುಗಡಲಿನ ಅಂಚಿಗೆ. ಅಲ್ಲಿ ನೀರಿನಡಿ ಮೂರು ಬಂಡೆಗಳು ಒಲೆಯ ಕಲ್ಲುಗಳ ಹಾಗೆ ಕೂತಿವೆ. ಫಾಕಿಯ ಅಜ್ಜ ಅದಕ್ಕೆ ಒಲೆ ಎಂದೇ ಹೆಸರಿಟ್ಟಿದ್ದ. ಮಸೀದಿಯ ಬಿಳಿ ಗೋಡೆ ಕಾಂಡ ಸೀಳಿದ ಗೋರಖ ಹುಣಸೆ ಮರದ ಹಿಂದೆ ಮರೆಯಾಗಬೇಕು, ಲವಂಗದ ಗುಡ್ಡದ ಎರಡು ತಲೆಗಳು ಒಂದಾಗಬೇಕು. ಆಗ ಲಂಗರಿನ ಕಲ್ಲು ಇಳಿಸಿದರೆ ಅದು ಒಲೆಯ ಮೇಲೆಯೇ ಬೀಳುತ್ತದೆ. ತಮ್ಮ ದೋಣಿ ಹತ್ತಿದವನ ಹೊರತು ಬೇರೆ ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಫಾಕಿ ಹದಿನಾರನೆಯ ವಯಸ್ಸಿನಲ್ಲಿ ಅಪ್ಪನ ಮುಂದೆ ಕುರಾನಿನ ಮೇಲೆ ಕೈಯಿಟ್ಟಿದ್ದ. ಮುಂದೆ ಅವನ ಮಗ ಉಸ್ಸಿಯೂ ಅವನ ಮುಂದೆ ಹಾಗೆಯೇ ಕೈಯಿಟ್ಟ. ಮಂಡಿ ನೋವು ಬಂದು ಫಾಕಿ ದಡದಲ್ಲಿ ಉಳಿದ ಮೇಲೆ ಒಲೆ ಉಸ್ಸಿಯದಾಯಿತು.

ತೆಂಕಣದ ಗಾಳಿ ಬಲವಾಗಿದ್ದ ಒಂದು ಸೋಮವಾರ ಉಸ್ಸಿಯೂ ಅವನ ಹೆಂಡತಿಯ ಅಣ್ಣ ಶಾಮೆಯೂ ನಸುಕಿನ ಸುಬಹಿ ನಮಾಜು ಮುಗಿಸಿ ಹೊರಟರು. ಸಂಜೆಗೆ ಎಲ್ಲ ದೋಣಿಗಳೂ ಬಂದವು. ಅವರದು ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ಫಾಕಿ ಬಂದರಿನ ಕಚೇರಿಗೆ ನಡೆದ. ಒಬ್ಬನ ಮನೆಗೆ ಕಷ್ಟ ಬಂದಾಗ ಒಬ್ಬನನ್ನೇ ಕಳಿಸುವ ಪದ್ಧತಿ ಊರಿನಲ್ಲಿಲ್ಲ. ಎಂಟು ಹತ್ತು ಜನ ಯಜಮಾನರು ಹಿಂದೆಯೇ ಬಂದು ಆ ಸಣ್ಣ ಕೋಣೆಯನ್ನು ತುಂಬಿಕೊಂಡರು. ವುವಾಯ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಒಲೆ ಎಲ್ಲಿದೆಯೆಂದು ಪತ್ತೆಮಾಡಲು ನಲವತ್ತು ವರ್ಷ ಫಾಕಿಯ ಹಾಯಿಯ ಬೆನ್ನು ಹತ್ತಿದವನು ಅವನು. ಒಮ್ಮೆ ಫಾಕಿ ಅವನನ್ನು ಇಡೀ ದಿನ ಕಡಲಲ್ಲಿ ಸುತ್ತಿಸಿ, ಸಂಜೆ ಅವನದೇ ಮನೆಯ ಮುಂದಿನ ಮರಳಿಗೆ ತಂದು ಬಿಟ್ಟಿದ್ದ. ಊರು ಆ ಮಾತಿಗೆ ಇನ್ನೂ ನಗುತ್ತಿತ್ತು.

ಕಡಲಲ್ಲಿ ತಪ್ಪಿದವರನ್ನು ಹುಡುಕಿಸುವ ಅಧಿಕಾರಿ ಬೀ ರಾಯಾ ಎಂಬ ಹೆಂಗಸು. ನಡುವಯಸ್ಸಿನವಳು, ತಲೆಗೆ ನೀಲಿ ವಸ್ತ್ರ, ಬಿಸಿಲಿಗೆ ಸುಲಿದ ಮೂಗು. ಅವಳು ಫಾಕಿಗೆ ಕುರ್ಚಿ ಕೊಟ್ಟಳು.

"ಕೂತ್ಕೊಳ್ಳಿ ಬಾಬಾ. ಕುಡಿಯೋ ನೀರು ಎಷ್ಟಿತ್ತು?"

"ಒಂದು ಹಳದಿ ಡಬ್ಬ. ಇಬ್ರಿಗೆ ಎರಡು ದಿನ ಬರುತ್ತೆ."

"ತೇಲೋ ಅಂಗಿ?"

"ಇಲ್ಲ."

"ಯಾರ ಹತ್ರಾನೂ ಇಲ್ಲ ತಾಯಿ," ಎಂದ ವುವಾಯ್. "ಅದನ್ನ ಹಾಕ್ಕೊಂಡ್ರೆ ಮೀನು ನಗುತ್ತೆ."

ಗೋಡೆಯ ಹಲಗೆಯ ಮೇಲೆ ಮೂರು ಮಾತು ಬರೆದಿದ್ದವು: ಸಂಶಯ, ಎಚ್ಚರ, ಅಪಾಯ. ಬೀ ರಾಯಾ ಸೀಮೆಸುಣ್ಣದಿಂದ ಅವನ್ನು ಮುಟ್ಟಿ ತೋರಿಸಿದಳು. "ಹೊತ್ತಿಗೆ ಬರದೆ ಇದ್ರೆ ಸಂಶಯ ಅಂತೀವಿ. ವಿಚಾರಿಸಿದ್ರೂ ಸುದ್ದಿ ಸಿಗದಿದ್ರೆ ಎಚ್ಚರ. ಜೀವಕ್ಕೇ ಬಂದಿದೆ ಅಂತ ಖಾತ್ರಿ ಆದ್ರೆ ಅಪಾಯ. ನಾನೀಗ ನೇರವಾಗಿ ಮೂರನೇದಕ್ಕೆ ಹೋಗ್ತಿದೀನಿ."

"ನಾವು ದೋಣಿ ತಳ್ಳೋವಾಗ್ಲೇ ನಮ್ಮನೆ ಹೆಂಗಸ್ರು ಮೂರನೇದಕ್ಕೆ ಹೋಗ್ಬಿಡ್ತಾರೆ," ಎಂದು ಹಿಂದಿನಿಂದ ಯಾರೋ ಅಂದರು. ಒಬ್ಬಿಬ್ಬರು ನಕ್ಕು, ಫಾಕಿಯ ಬೆನ್ನು ನೋಡಿ ಸುಮ್ಮನಾದರು.

ಅವಳು ಕಡಲಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. "ಈಗ ಎಲ್ಲಕ್ಕಿಂತ ದೊಡ್ಡ ಮಾತು. ಅವರು ಕೊನೆಗೆ ಇದ್ದ ಜಾಗ ಯಾವುದು? ಅಲ್ಲೊಂದು ಚುಕ್ಕೆ ಇಡ್ತೀನಿ. ನೀರು ಅವರನ್ನ ಎತ್ತ ಎಳೀತು, ಗಾಳಿ ಎಷ್ಟು ತಳ್ತು ಅಂತ ಆ ಚುಕ್ಕೆಯಿಂದ ಲೆಕ್ಕ ಹಾಕಿ ಒಂದು ಚೌಕ ಬರೀತೀನಿ. ಆ ಚೌಕದೊಳಗೆ ದೋಣಿ ಓಡಾಡುತ್ತೆ, ಮಧ್ಯಾಹ್ನಕ್ಕೆ ವಿಮಾನಾನೂ ಬರುತ್ತೆ. ಚುಕ್ಕೆ ತಪ್ಪಿದ್ರೆ ಎಲ್ಲಾ ತಪ್ಪು. ಎಲ್ಲಿಗೆ ಹೋಗಿದ್ರು ಬಾಬಾ?"

ಫಾಕಿ ನಕ್ಷೆಯನ್ನು ನೋಡಿದ. ಅವನಿಗೆ ಓದು ಬಾರದಿದ್ದರೂ ದಡದ ಗೆರೆ ಗುರುತು ಸಿಕ್ಕಿತು. ಒಲೆ ಇರಬೇಕಾದ ಕಡೆ ಬರಿಯ ನೀಲಿ. ಬೆನ್ನ ಹಿಂದೆ ಹತ್ತು ಜನರ ಉಸಿರು ಕೇಳುತ್ತಿತ್ತು. ಬಾಗಿಲಲ್ಲಿ ವುವಾಯ್ ಕಾಲು ಬದಲಿಸಿದ.

"ಕರೀ ದಿಬ್ಬಕ್ಕೆ," ಎಂದ ಫಾಕಿ.

ಯೋಚಿಸಿ ಹೇಳಿದ್ದಲ್ಲ. ಐವತ್ತು ವರ್ಷ ಆಡಿದ ಮಾತು ತಾನಾಗಿಯೇ ಹೊರಬಂತು.

"ಖಾತ್ರಿನಾ?"

"ಖಾತ್ರಿ."

ಕೋಣೆಯಲ್ಲಿದ್ದ ಒಬ್ಬೊಬ್ಬ ಯಜಮಾನನಿಗೂ ಅದು ಬಾಯಿಯ ಜಾಗವೆಂದು ಗೊತ್ತಿತ್ತು. ನಿಜವಾದ ಜಾಗ ಯಾವುದೆಂದು ಒಬ್ಬನಿಗೂ ಗೊತ್ತಿರಲಿಲ್ಲ. ಇನ್ನೊಬ್ಬನ ಜಾಗವನ್ನು ಸುಳ್ಳೆನ್ನುವುದು ಅವನ ಮನೆಯ ಪರದೆ ಎತ್ತಿದ ಹಾಗೆ. ಎಲ್ಲರೂ ನೆಲ ನೋಡಿದರು. ಬೀ ರಾಯಾ ಉಂಗುಜಾ ದ್ವೀಪದ ಪೇಟೆಯವಳು, ಅವಳಿಗೆ ಇದು ತಿಳಿಯದು. ದಿಬ್ಬದ ಮೇಲೆ ಒಂದು ಕಪ್ಪು ಚುಕ್ಕೆ ಇಟ್ಟಳು.

ಮನೆಗೆ ಮರಳುವ ದಾರಿಯಲ್ಲಿ ಫಾಕಿ ತನಗೆ ತಾನೇ ಹೇಳಿಕೊಂಡ: ಎಲ್ಲರೂ ಹೋಗಲಿ, ತಿರುಗಿ ಬಂದು ಅವಳೊಬ್ಬಳಿಗೇ ಹೇಳುತ್ತೇನೆ. ಆಣೆ ಅರ್ಧವಾದರೂ ಉಳಿಯುತ್ತದೆ. ಹಾಗೆಯೇ ಮಧ್ಯಾಹ್ನದ ಝುಹರ್ ನಮಾಜಿನ ಮೇಲೆ ತಿರುಗಿ ಹೋದ. ಅಷ್ಟರಲ್ಲಿ ಬೀ ರಾಯಾ ತಾನೇ ಹುಡುಕುವ ದೋಣಿ ಹತ್ತಿ ಕಡಲಿಗೆ ಹೋಗಿದ್ದಳು. ರೇಡಿಯೋ ಮುಂದೆ ಕೂತಿದ್ದವನು ವುವಾಯ್‌ನ ಅಳಿಯ.

"ಅವರ ಹತ್ರ ಮಾತಾಡ್ಬೇಕಾ ಬಾಬಾ? ಇದರಲ್ಲೇ ಹೇಳಿ, ಕೇಳಿಸುತ್ತೆ." ಅವನು ಮಾತಾಡುವ ಕಡ್ಡಿಯನ್ನು ಫಾಕಿಯ ಬಾಯಿಯ ಹತ್ತಿರ ಹಿಡಿದ.

"ಅವಳೊಬ್ಬಳಿಗೇ ಕೇಳಿಸುತ್ತಾ?"

"ಅದು ಹೇಗಾಗುತ್ತೆ? ಕಡಲಲ್ಲಿರೋ ರೇಡಿಯೋಗಳಿಗೆಲ್ಲಾ ಕೇಳಿಸುತ್ತೆ."

ಫಾಕಿ ಆ ಕರಿ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿದ. "ಏನಿಲ್ಲಪ್ಪ. ಸುಮ್ನೆ ಬಂದೆ," ಎಂದು ಮೆಟ್ಟಿಲಿಳಿದ.

ಮನೆಯಲ್ಲಿ ಸೊಸೆ ತಾತು ಮರಗೆಣಸು ಬೇಯಿಸಿ ಗಂಡನ ಪಾಲನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಟ್ಟಿದ್ದಳು. ಗಂಡನೂ ಅಣ್ಣನೂ ಒಂದೇ ದೋಣಿಯಲ್ಲಿ ಹೋದವಳು ಅವಳು. ಆದರೂ ಅಳದೆ ಗಟ್ಟಿಯಾಗಿ ನಿಂತಿದ್ದಳು. ಮನೆಯ ಹೆಂಗಸರಿಗೂ ಒಲೆಯ ವಿಷಯ ಹೇಳುವ ವಾಡಿಕೆಯಿಲ್ಲ.

"ಮಾವಾ, ಎಲ್ಲಿಗೆ ಹೋಗಿದ್ರು ಅಂತ ಅವರಿಗೆ ಹೇಳಿದ್ರಾ?"

"ಹೇಳಿದೆ," ಎಂದ ಫಾಕಿ.

"ಸರಿಯಾಗಿ ಹೇಳಿದ್ರಾ?"

"ಹೇಳಿದೆ ಅಂದ್ನಲ್ಲಮ್ಮ."

ಬುಧವಾರವೂ ಕಳೆಯಿತು. ಸೂರ್ಯ ಇಳಿಯುವ ಹೊತ್ತಿಗೆ ಬೀ ರಾಯಾ ಊರಿಗೇ ಬಂದಳು. ಮಸೀದಿಯ ಅಂಗಳದ ಗಂಡಸರನ್ನು ಸಲಾಮು ಹೇಳಿ ಕರೆದಳು. ಅವಳ ತುಟಿ ಉಪ್ಪಿಗೆ ಒಡೆದಿತ್ತು.

"ಚೌಕದ ಒಂದೊಂದು ಮೂಲೇನೂ ಎರಡು ಸಲ ನೋಡಿದ್ವಿ. ವಿಮಾನ ಬಡಗಣದ ಅಂಚಿನವರೆಗೂ ಹೋಗಿ ತಿರುಗ್ತು. ಒಂದು ಹುಟ್ಟು, ಒಂದು ಹಗ್ಗದ ತುಂಡು, ಏನೂ ಇಲ್ಲ. ದೋಣಿ ಒಡೆದ್ರೂ ಮರ ತೇಲ್ಬೇಕಲ್ಲ." ಅವಳು ಸುತ್ತಲೂ ನೋಡಿದಳು. "ಇದಕ್ಕೆ ಎರಡೇ ಅರ್ಥ. ಒಂದೋ ಎಲ್ಲಾ ತಳ ಸೇರಿದೆ. ಇಲ್ಲಾ ನಾವು ಶುರು ಮಾಡಿದ ಚುಕ್ಕೇನೇ ತಪ್ಪು."

ಗಂಡಸರು ಕೈಕಾಲು ತೊಳೆಯಲು ತಿರುಗಿದರು. ಅವಳು ತಲೆಯಾಡಿಸಿ ತನ್ನ ಗಾಡಿ ಹತ್ತಿ ಬಂದರಿಗೆ ಹೊರಟುಹೋದಳು. ಮಗ್ರಿಬ್ ಬಾಂಗು ಆಯಿತು.

ಸಾಲಿನಲ್ಲಿ ನಿಂತ ಫಾಕಿಗೆ ಬಾಯಿಪಾಠದ ಸೂರಾ ಮರೆತುಹೋಯಿತು. ಎಳೆಯ ವಯಸ್ಸಿನಿಂದ ನಾಲಗೆಯ ಮೇಲಿದ್ದದ್ದು ಎರಡನೆಯ ಸಾಲಿಗೇ ಕಡಿಯಿತು. ಹಣೆ ಚಾಪೆಗೆ ಮುಟ್ಟಿದಾಗ ಅವನಿಗೆ ಕಂಡದ್ದು ಆ ಕಪ್ಪು ಚುಕ್ಕೆ. ಯಾ ಅಲ್ಲಾಹ್, ಕಡಲು ನಿನ್ನದು, ಬಂಡೆ ನಿನ್ನದು, ಮೀನು ನಿನ್ನದು. ನಾನು ಏನನ್ನು ಬಚ್ಚಿಟ್ಟೆ, ಯಾರಿಂದ ಬಚ್ಚಿಟ್ಟೆ? ಹೀಗೆ ಅಂದುಕೊಂಡವನಿಗೆ ತಲೆಯೆತ್ತುವುದೇ ಕಷ್ಟವಾಯಿತು.

ನಮಾಜು ಮುಗಿದು ಇಮಾಮರು ಸಲಾಮು ತಿರುಗಿಸಿದ ಕೂಡಲೇ ಫಾಕಿ ಎದ್ದು ನಿಂತ.

"ಅವರು ಕರೀ ದಿಬ್ಬಕ್ಕೆ ಹೋಗಿಲ್ಲ," ಎಂದ. "ನಾನು ಬಾಯಿಯ ಜಾಗ ಹೇಳಿದೆ."

ಇಮಾಮರು ತಸ್ಬಿ ಮಣಿಸರ ಕೆಳಗಿಟ್ಟರು. "ಆಣೆ ಇತ್ತಾ ಫಾಕಿ?"

"ಇತ್ತು. ಕುರಾನಿನ ಮೇಲೆ."

"ಮುರಿದ ಆಣೆಗೆ ಪ್ರಾಯಶ್ಚಿತ್ತ ಇದೆಯಪ್ಪ. ಹತ್ತು ಬಡವರಿಗೆ ಊಟ ಹಾಕು. ಹೋದ ಜೀವಕ್ಕೆ ಇಲ್ಲ. ಹೇಳು."

"ಮಸೀದಿಯ ಬಿಳಿ ಗೋಡೆ ಸೀಳು ಮರದ ಹಿಂದೆ…" ಎಂದು ಫಾಕಿ ಶುರುಮಾಡಿದ. ಅಷ್ಟರಲ್ಲಿ ವುವಾಯ್ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡು ಸಾಲು ದಾಟಿ ಬಂದ.

"ನಮಗ್ಯಾಕೋ ಹೇಳ್ತೀಯಾ, ಹುಚ್ಚು ಮುದುಕ! ನಮಗೆ ಬೇಡ. ಅವಳಿಗೆ ಹೇಳು! ನಡಿ, ನನ್ನ ಗಾಡಿ ಹೊರಗಿದೆ."

ವುವಾಯ್‌ನ ಹಳೇ ಮೋಟಾರು ಸೈಕಲ್ಲಿನ ಹಿಂದೆ, ಅವನ ಸೊಂಟ ಹಿಡಿದು ಫಾಕಿ ಬಂದರಿಗೆ ಹೋದ. ಇಬ್ಬರೂ ಹಾಗೆ ಮೈಗೆ ಮೈ ತಾಗಿ ಕೂತದ್ದು ಚಿಕ್ಕಂದಿನಲ್ಲಿ ಮದರಸದ ಬೆಂಚಿನ ಮೇಲೆ ಮಾತ್ರ. ಕಚೇರಿ ಬಂದಾಗ ವುವಾಯ್ ಅಳಿಯನನ್ನೂ ಹೊರಗೆ ಕರೆದು ಬಾಗಿಲೆಳೆದುಕೊಂಡ.

ಬೀ ರಾಯಾ ಕೇಳಿಸಿಕೊಂಡಳು. ಬೈಯಲಿಲ್ಲ. ಫಾಕಿ ಹೇಳಿದ ಹಾಗೆ ದಡದ ಗುರುತುಗಳಿಂದ ಎರಡು ಗೆರೆ ಎಳೆದು, ಅವು ಕೂಡಿದ ಕಡೆ ಹೊಸ ಚುಕ್ಕೆ ಇಟ್ಟಳು.

"ಇಲ್ಲಿ ನೀರು ಹೇಗಿರುತ್ತೆ ಬಾಬಾ?"

"ದಿಬ್ಬದ ಹತ್ರ ನೀರು ನಡೆಯುತ್ತೆ ತಾಯಿ. ಒಲೆ ಹತ್ರ ಓಡುತ್ತೆ."

ಅವಳ ಸೀಸದ ಕಡ್ಡಿ ಬಡಗಣಕ್ಕೆ ಹೋಯಿತು, ಹೋಯಿತು, ನಕ್ಷೆಯ ಅಂಚು ಮುಟ್ಟಿತು. ಅವಳು ಎದ್ದು ಕಪಾಟಿನಿಂದ ಇನ್ನೊಂದು ನಕ್ಷೆ ತಂದು ಇದರ ಮೇಲ್ತುದಿಗೆ ಜೋಡಿಸಿದಳು. ಅದು ಕೆನ್ಯಾ ದೇಶದ ಕಡಲು. ಅಲ್ಲಿ ಒಂದು ಚೌಕ ಬರೆದಳು. ಮೊದಲಿನ ಚೌಕಕ್ಕೂ ಇದಕ್ಕೂ ನಡುವೆ ಎರಡು ಅಂಗೈಯಷ್ಟು ಬರಿಯ ನೀಲಿ ಉಳಿಯಿತು. ಆಮೇಲೆ ಅವಳು ಆ ದೇಶದವರಿಗೆ ಫೋನು ಹಚ್ಚಿದಳು.

ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಕೆನ್ಯಾದ ಕಾವಲು ದೋಣಿಯೊಂದು ಹೊಸ ಚೌಕದ ನಡುವಿನಲ್ಲೇ ಮಗುಚಿದ ದೋಣಿಯನ್ನು ಕಂಡಿತು. ದೋಣಿಯ ಪಕ್ಕಕ್ಕೆ ಕಟ್ಟುವ ತೇಲುಮರಕ್ಕೆ ಹಗ್ಗದಿಂದ ಕೈ ಕಟ್ಟಿಕೊಂಡು ಒಬ್ಬ ಮನುಷ್ಯ ಬಿದ್ದಿದ್ದ. ಒಬ್ಬನೇ.

ಅವನು ಶಾಮೆ. ಶನಿವಾರ ಅವನನ್ನು ಊರಿಗೆ ತಂದರು. ಮುಖದ ತೊಗಲು ಸುಲಿದಿತ್ತು, ದನಿ ಕೂತಿತ್ತು. ಚಾಪೆಯ ಮೇಲೆ ಒರಗಿಸಿ, ಗಂಜಿಯ ನೀರು ಕೊಟ್ಟು, ಫಾಕಿ ಅವನ ಎದುರಿಗೆ ಕೂತ. ಒಳಕೋಣೆಯ ಪರದೆಯ ಹಿಂದೆ ತಾತು ನಿಂತಿದ್ದಳು.

"ಸೋಮವಾರ ಮಧ್ಯಾಹ್ನವೇ ಮಗುಚ್ತು," ಎಂದ ಶಾಮೆ. "ಎಡಗಡೆ ತೇಲುಮರದ ಕಟ್ಟು ಕಿತ್ತು ಹೋಯ್ತು. ನೀರಿನ ಡಬ್ಬ ಸಿಕ್ತು. ಬುಧವಾರದವರೆಗೂ ಚೆನ್ನಾಗೇ ಇದ್ವಿ. ಉಸ್ಸಿ ತಮಾಷೆ ಮಾಡ್ತಾನೇ ಇದ್ದ. ನಿನ್ನ ಗಡ್ಡದಲ್ಲಿ ಮೀನು ಸಂಸಾರ ಹೂಡಿದೆ ಅಂತಿದ್ದ. ಬುಧವಾರ ವಿಮಾನ ಕಾಣಿಸ್ತು."

"ಎಲ್ಲಿ?"

"ತೆಂಕಣಕ್ಕೆ. ದೂರ, ನೊಣದಷ್ಟು. ನಾವು ಅಂಗಿ ಬಿಚ್ಚಿ ಬೀಸಿದ್ವಿ. ಅದು ಅಲ್ಲೇ ತಿರುಗಿ ಹೋಯ್ತು. ಇನ್ನೊಂದು ಸಲ ಬಂತು, ಮತ್ತೆ ಅಲ್ಲೇ ತಿರುಗ್ತು. ಗೋಡೆ ಕಟ್ಟಿದ ಹಾಗೆ."

ಫಾಕಿ ಮಂಡಿಯ ಮೇಲಿದ್ದ ತನ್ನ ಕೈಗಳನ್ನು ನೋಡಿದ.

"ಆಗ ಉಸ್ಸಿ ನಕ್ಕ ಬಾಬಾ. 'ಅಪ್ಪ ಕರೀ ದಿಬ್ಬ ಅಂದಿರ್ತಾನೆ' ಅಂದ."

ಪರದೆಯ ಹಿಂದೆ ಬಳೆಯ ಸದ್ದಾಯಿತು.

"ಬೈದನಾ?" ಎಂದು ಫಾಕಿ ಕೇಳಿದ.

"ಇಲ್ಲ. 'ನಾನಾದ್ರೂ ಅದನ್ನೇ ಹೇಳ್ತಿದ್ದೆ' ಅಂದ. ಆಮೇಲೆ ಜಾಸ್ತಿ ಮಾತಾಡ್ಲಿಲ್ಲ. ಉಳಿದ ನೀರು ನನಗೆ ಕೊಟ್ಟ, ಹಗ್ಗ ನನ್ನ ಕೈಗೆ ಕಟ್ಟಿದ. ಗುರುವಾರ ಬಿಸಿಲೇರೋವಾಗ ಕೊನೇ ಕಲಿಮಾ ಹೇಳ್ದ. ನಾನೂ ಜೊತೆಗೆ ಹೇಳ್ದೆ. ಮೂರನೇ ಸಲ ನನ್ನ ದನಿ ಒಂದೇ ಕೇಳಿಸ್ತು. ಅವನನ್ನ ಹಿಡ್ಕೊಂಡಿದ್ದೆ ಬಾಬಾ. ಅಲೆ ಬಿಡಿಸ್ಕೊಳ್ತು."

ಗುರುವಾರ ಬಿಸಿಲೇರುವ ಹೊತ್ತು. ದೋಣಿ ಸಿಕ್ಕಿದ್ದು ಅದೇ ದಿನ ಅಸರ್ ಹೊತ್ತಿಗೆ. ಫಾಕಿ ಲೆಕ್ಕ ಹಾಕಲಿಲ್ಲ. ಲೆಕ್ಕ ತಾನೇ ಅವನ ಎದೆಯಲ್ಲಿ ಬಂದು ಕೂತಿತು, ಮತ್ತೆ ಏಳಲಿಲ್ಲ.

ತಾತು ಪರದೆ ಸರಿಸಿ ಹೊರಗೆ ಬಂದಳು. ಮಾವನ ಮುಂದೆ ತಲೆಯ ವಸ್ತ್ರವಿಲ್ಲದೆ ಅವಳು ಎಂದೂ ನಿಂತವಳಲ್ಲ. ಈಗ ಅದು ಹೆಗಲಿಗೆ ಜಾರಿದ್ದರೂ ಎಳೆದುಕೊಳ್ಳಲಿಲ್ಲ.

"ನಾನು ಎರಡು ಸಲ ಕೇಳ್ದೆ," ಎಂದಳು.

"ಹೌದಮ್ಮ."

"ಸರಿಯಾಗಿ ಹೇಳಿದ್ರಾ ಅಂತ ಕೇಳ್ದೆ."

"ಹೌದು."

ಅವಳು ಒಳಗೆ ಹೋದಳು. ಗಂಡನಿಗೆಂದು ಅಂದೂ ಮುಚ್ಚಿಟ್ಟಿದ್ದ ತಟ್ಟೆಯನ್ನು ಹಿತ್ತಲಿಗೆ ಒಯ್ದು ಕೋಳಿಗಳಿಗೆ ಸುರಿದದ್ದು ಕೇಳಿಸಿತು.

ಇನ್ನೂ ಮೂರು ದಿನ ಹುಡುಕಿದರು. ಮಂಗಳವಾರ ಬೀ ರಾಯಾ ಮನೆಗೆ ಬಂದು, ಚಹಾ ಕುಡಿಯದೆ, ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಳು.

"ಹುಡುಕೋದನ್ನ ಇವತ್ತಿಗೆ ತಡೆಹಿಡಿದಿದೀವಿ. ಮುಗಿಸಿದೀವಿ ಅಂತ ಬರೆದಿಲ್ಲ. ಸಿಗದೆ ಇದ್ದೋರ ಬಗ್ಗೆ ನಾವು ಮುಗೀತು ಅಂತ ಬರೆಯೋದಿಲ್ಲ."

"ಎರಡಕ್ಕೂ ಏನು ವ್ಯತ್ಯಾಸ?" ಎಂದಳು ತಾತು.

"ಹೊಸ ಸುದ್ದಿ ಒಂದು ಚೂರು ಬಂದ್ರೂ ಮತ್ತೆ ಹೊರಡ್ತೀವಿ."

"ನನಗೆ ವ್ಯತ್ಯಾಸ ಇಲ್ಲ ಬೀ," ಎಂದಳು ತಾತು. "ನನ್ನಣ್ಣ ಕಣ್ಣಾರೆ ನೋಡಿದಾನೆ."

ಶಾಮೆಯ ಸಾಕ್ಷಿ ಸಾಕೆಂದು ಇಮಾಮರು ಹೇಳಿದರು. ಶವವಿಲ್ಲದೆಯೇ ಜನಾಜಾ ನಮಾಜು ನಡೆಯಿತು. ಊರಿನ ಗಂಡಸರೆಲ್ಲ ಸಾಲಾಗಿ ನಿಂತರು. ಎದುರಿಗೆ ಹೊದಿಸಿದ ಮಂಚವಿರಬೇಕಾದ ಕಡೆ ಒರೆಸಿದ ನೆಲವಿತ್ತು. ಮುಂದಿನ ಸಾಲಿನಲ್ಲಿ ತಂದೆಗೆ ಬಿಟ್ಟ ಜಾಗಕ್ಕೆ ಫಾಕಿ ಹೋಗಲಿಲ್ಲ. ಚಪ್ಪಲಿ ಬಿಡುವ ಕಡೆ, ಎಲ್ಲರ ಹಿಂದೆ ನಿಂತ. ತಾತು, ವಿಧವೆಯಾದವಳು ಮನೆಯಲ್ಲೇ ಇರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತಿಗೆ ಕೂತಳು. ಹೊತ್ತು ಹೊತ್ತಿಗೆ ಮಾವನಿಗೆ ಊಟವನ್ನು ಮುಚ್ಚದೆ ಹೊರಗಿಟ್ಟಳು. ತಟ್ಟೆ ಇಟ್ಟ ಸದ್ದಿನ ಹೊರತು ಅವಳಿಂದ ಅವನಿಗೆ ಬೇರೆ ಮಾತು ಬರಲಿಲ್ಲ. ಅವನು ಹತ್ತು ಬಡವರಿಗೆ ಉಣ್ಣಿಸಿದ. ಆಣೆಯ ಭಾರ ಇಳಿಯಿತೆಂದು ಇಮಾಮರು ಅಂದರು. ಅವನಿಗಿದ್ದ ಭಾರ ಆಣೆಯದಾಗಿರಲಿಲ್ಲ.

ಒಲೆಗೆ ಆ ಹಂಗಾಮಿನಲ್ಲಿ ಯಾರೂ ಹೋಗಲಿಲ್ಲ. ಮಸೀದಿಯಲ್ಲಿ ಅರ್ಧ ಗುರುತು ಎಲ್ಲರ ಕಿವಿಗೂ ಬಿದ್ದಿತ್ತು. ಉಳಿದ ಅರ್ಧ ಹುಡುಕುವುದು ಕಷ್ಟವೇನಲ್ಲ. ಆದರೂ ಹೋಗಲಿಲ್ಲ.

ಗಾಳಿ ತಿರುಗಿ ಬಡಗಣದಿಂದ ಬೀಸತೊಡಗಿದ ಮೇಲೆ, ಒಂದು ಮಧ್ಯಾಹ್ನ ವುವಾಯ್ ಬಂದ. ಫಾಕಿ ಜಗುಲಿಯ ಮೇಲೆ ಹರಿದ ಬಲೆಯ ಕಣ್ಣು ಹೆಣೆಯುತ್ತ ಕೂತಿದ್ದ. ವುವಾಯ್ ಪಕ್ಕದಲ್ಲಿ ಕುಕ್ಕರಿಸಿ ಎಡಕ್ಕೂ ಬಲಕ್ಕೂ ನೋಡಿದ.

"ಏನು ಕಳ್ಳನ ಹಾಗೆ ನೋಡ್ತೀಯಾ?" ಎಂದ ಫಾಕಿ.

"ಕಳ್ಳನೇ. ನಲವತ್ತು ವರ್ಷದಿಂದ." ವುವಾಯ್ ಬಲೆಯ ಒಂದು ತುದಿ ಹಿಡಿದುಕೊಟ್ಟ. "ಅವತ್ತು ಕಚೇರೀಲಿ ನೀನು ಕರೀ ದಿಬ್ಬ ಅಂದಾಗ ನನಗೆ ಗೊತ್ತಿತ್ತು. ನನ್ನ ದೆಸೆಯಿಂದಾನೇ ಹಾಗಂದೆ ಅಂತಾನೂ ಗೊತ್ತಿತ್ತು. ಆಚೆ ಹೋಗಿದ್ರೆ ಆಗ್ತಿತ್ತು. ನಾಲ್ಕು ಹೆಜ್ಜೆ. ಹೋಗ್ಲಿಲ್ಲ ಕಣೋ. ಇವತ್ತಾದ್ರೂ ಬಾಯ್ಬಿಡ್ತಾನೇನೋ ಅಂತ ನಿಂತಿದ್ದೆ."

ಫಾಕಿ ದಾರ ಕಚ್ಚಿ ಕಡಿದ.

ವುವಾಯ್ ಅವನ ಕಿವಿಯ ಹತ್ತಿರ ಬಾಗಿದ. "ನನ್ನ ಜಾಗ ಹೇಳ್ತೀನಿ, ಕೇಳಿಸ್ಕೋ. ದೀಪದ ಕಂಬ—"

"ಬೇಡ!" ಫಾಕಿ ಹಿಂದಕ್ಕೆ ಸರಿದ. "ನನಗೆ ಹೇಳ್ತೀಯಾ? ಈ ಬಾಯಿಗೆ? ನಿನಗೆ ಮಕ್ಕಳಿಲ್ವಾ?"

"ಮಕ್ಕಳು ನನ್ನ ಜೊತೆ ದೋಣೀಲೇ ಇರ್ತಾರೆ. ಹೋದ್ರೆ ಎಲ್ಲರೂ ಒಟ್ಟಿಗೆ ಹೋಗ್ತೀವಿ. ಆಗ ಆ ಬೀ ರಾಯಾ ಇನ್ನೊಂದು ಸಲ ಕೇಳ್ತಾಳೆ, ಎಲ್ಲಿಗೆ ಹೋಗಿದ್ರು ಅಂತ. ಊರಲ್ಲಿ ಇನ್ಯಾರಾದ್ರೂ ಮರ್ಯಾದೆ ಅಂತ ತಲೆ ತಗ್ಗಿಸ್ತಾರೆ. ನೀನು ತಗ್ಗಿಸಲ್ಲ."

ಒಳಗೆ ತಾತು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ವುವಾಯ್ ಮತ್ತೆ ಬಾಗಿ, ಮೆಲ್ಲಗೆ, ದೀಪದ ಕಂಬದಿಂದ ಶುರುಮಾಡಿ ತನ್ನ ಅಪ್ಪನ ಗುರುತುಗಳನ್ನೆಲ್ಲ ಹೇಳಿದ. ಒಂದು ಸಲ ಹೇಳಿ, ಫಾಕಿಯಿಂದ ಮರಳಿ ಹೇಳಿಸಿದ. ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡು, "ಅಲ್ಲಿಗೇನಾದ್ರೂ ಗಾಳ ಹಾಕಿದ್ಯೋ, ಕಾಲು ಮುರೀತೀನಿ," ಎಂದು ಹೋದ.

ಅಂದಿನಿಂದ ಫಾಕಿ ಅಸರ್ ನಮಾಜು ಮುಗಿಸಿ ದೋಣಿ ಎಳೆಯುವ ಮರಳಿಗೆ ಹೋಗಿ ಕೂರುತ್ತಾನೆ. ವುವಾಯ್‌ನ ತೇಪೆ ಹಾಕಿದ ಹಾಯಿ ಭೂಶಿರ ತಿರುಗಿ ಬರುವವರೆಗೂ ಏಳುವುದಿಲ್ಲ. ಅದು ಬಂದ ಮೇಲೂ ಬಡಗಣದ ಕಡೆ ಒಂದು ಗಳಿಗೆ ನೋಡಿ, ಮರಳಿಗೆ ಕೈಯೂರಿ, ಮಗ್ರಿಬ್ ನಮಾಜಿಗೆ ಏಳುತ್ತಾನೆ. ಮನೆಗೆ ಬಂದಾಗ ತಟ್ಟೆ ಹೊರಗಿರುತ್ತದೆ. ಈಚೆಗೆ ಅದರ ಮೇಲೆ ಒಂದು ಮುಚ್ಚಳವಿರುತ್ತದೆ.